ಬಂಧುತ್ವದ ದಾರಿಯಲ್ಲೊಂದು ಮೆಟ್ಟಿಲು

ಬಂಧುತ್ವವನ್ನು ಕಾಪಾಡಿಕೊಳ್ಳುವುದು ಸತ್ಯವಿಶ್ವಾಸಿಯ ದೊಡ್ಡ ಹೊಣೆಗಳಲ್ಲಿ ಒಂದು. ರಕ್ತಸಂಬಂಧವನ್ನು ಕಡಿಯುವವರ ಬಗ್ಗೆ ಪ್ರವಾದಿ ಮುಹಮ್ಮದ್(ಸ) ನೀಡಿದ ಕಠಿಣ ಎಚ್ಚರಿಕೆಯನ್ನು ಜುಮಾ ಖುತ್ಬಾಗಳಲ್ಲಿ ಕೇಳುತ್ತಲೇ ಬೆಳೆದವರು ನಾವು. ಸಂಬಂಧ ಕಡಿಯುವುದು ಎಂದೊಡನೆ ಆಸ್ತಿಯ ಜಗಳ, ಮಾತು ಬಿಟ್ಟ ಅಣ್ಣತಮ್ಮಂದಿರು, ಮದುವೆಗೆ ಕರೆಯದ ಸಿಟ್ಟು ಇವೇ ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಯಾವ ಜಗಳವೂ ಇಲ್ಲದೆ, ಯಾರ ಮನಸ್ಸಿನಲ್ಲೂ ಕಹಿಯಿಲ್ಲದೆ ಸದ್ದಿಲ್ಲದೆ ಸವೆದುಹೋಗುತ್ತಿರುವ ಸಂಬಂಧಗಳೂ ನಮ್ಮ ಮನೆಗಳಲ್ಲಿವೆ. ಅವುಗಳ ನಡುವೆ ನಿಂತಿರುವುದು ಒಂದೂವರೆ ಅಡಿ ಎತ್ತರದ ಕಟ್ಟೆ, ಹಿಡಿದುಕೊಳ್ಳಲು ಏನೂ ಇಲ್ಲದ ಮೂರು ಮೆಟ್ಟಿಲು, ಕುಕ್ಕರಗಾಲಿನಲ್ಲಿ ಮಾತ್ರ ಕೂರಬಹುದಾದ ಪಾಯಖಾನೆ.

ನಮ್ಮ ಅಮ್ಮೀಯ ತವರು ಇಂಡಿ ತಾಲೂಕಿನ ಸಾಲೋಟಗಿ. ನಾವಿರುವುದು ವಿಜಯಪುರದಲ್ಲಿ. ಅಮ್ಮೀಯ ತಂಗಿ, ಅಂದರೆ ನನ್ನ ಖಾಲಾ, ಅದೇ ಊರಿನಲ್ಲಿ ಮದುವೆಯಾಗಿ ಅಲ್ಲಿಯೇ ನೆಲೆಸಿದ್ದಾರೆ. ಕೆಲವು ವರ್ಷಗಳ ಹಿಂದೆ ಅಮ್ಮೀಗೆ ಲಕ್ವಾ ಹೊಡೆದು ಬಲಗಾಲು ಶಕ್ತಿಗುಂದಿತು. ಮನೆಯೊಳಗೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡಬಲ್ಲರು; ಹೊರಗೆ ಗಾಲಿಕುರ್ಚಿ ಬೇಕು. ಆ ಸ್ಥಿತಿಯಲ್ಲಿಯೇ ಅವರು ಉಮ್ರಾ ನಿರ್ವಹಿಸಿ ಬಂದರು. ಮಸ್ಜಿದುಲ್ ಹರಾಮ್‌ನ ನೆಲ ಸಮತಟ್ಟಾಗಿತ್ತು. ಸಫಾ ಮತ್ತು ಮರ್ವಾದ ನಡುವೆ ಗಾಲಿಕುರ್ಚಿಗಳಿಗಾಗಿಯೇ ಪ್ರತ್ಯೇಕ ಪಥವಿದೆ. ಅದರಲ್ಲಿ ಏಳು ಬಾರಿಯೂ ಅವರು ಯಾರ ದಾರಿಗೂ ಅಡ್ಡವಾಗದೆ ಸಾಗಿದರು. ಹೀಗೆ ಸಮುದ್ರ ದಾಟಿ ಹೋಗಿ ಬಂದವರು, ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ತವರಿಗೆ ಹೋಗುವುದನ್ನು ಮಾತ್ರ ನಿಲ್ಲಿಸಿದ್ದರು. ಕೇಳಿದರೆ, “ಈಗ ಬಿಸಿಲು, ಮುಂದೆ ನೋಡೋಣ” ಎನ್ನುತ್ತಿದ್ದರು. ಚಳಿಗಾಲದಲ್ಲಿ ಕೇಳಿದರೂ ಅದೇ ರೀತಿಯ ಒಂದು ಉತ್ತರ ಸಿದ್ಧವಿರುತ್ತಿತ್ತು.

ಕಾರಣ ತಿಳಿದದ್ದು ಖಾಲಾ ಅವರ ಮೊಮ್ಮಗಳ ನಿಕಾಹ್‌ಗೆ ಹೊರಟ ದಿನ. ಮಳೆಗಾಲ ಮುಗಿಯುತ್ತಿದ್ದ ಸಮಯ. ಬೆಳಿಗ್ಗೆ ನಾಷ್ಟಾಕ್ಕೆ ಕುಳಿತಾಗ ಅಮ್ಮೀ ಚಹಾ ಮುಟ್ಟಲಿಲ್ಲ. ದಾರಿಯಲ್ಲಿ ನೀರಿನ ಬಾಟಲಿ ಚಾಚಿದರೆ ಬೇಡವೆಂದರು. ಮಧ್ಯಾಹ್ನ ಊಟದ ಹೊತ್ತಿಗೂ ಅನ್ನದ ನಾಲ್ಕು ತುತ್ತು ತಿಂದು, ನೀರನ್ನು ತುಟಿಗೆ ತಾಗಿಸಿ ಇಟ್ಟರು. ಹೆಂಗಸರ ಗುಂಪಿನಲ್ಲಿ ನನ್ನ ಹೆಂಡತಿಗೆ ಮಾತ್ರ ಮೆಲ್ಲನೆ ಹೇಳಿದ್ದರು: “ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ, ಅಲ್ಲಿ ಕೂರಲು ನನ್ನಿಂದಾಗದು.” ಬೆಳಗಿನಿಂದ ಸಂಜೆಯವರೆಗೆ ಬಾಯಾರಿಕೆಯನ್ನು ತಡೆದುಕೊಂಡು ಅವರು ತಂಗಿಯ ಸಂತೋಷದಲ್ಲಿ ಪಾಲ್ಗೊಂಡರು. ಅದು ಉಪವಾಸದ ದಿನವಾಗಿರಲಿಲ್ಲ.

ಮನೆಯ ಮುಂದೆ ಇಳಿದಾಗ ನಡೆದದ್ದನ್ನೂ ಹೇಳಬೇಕು. ನಮ್ಮ ಕಡೆಯ ಹಳೆಯ ಮನೆಗಳ ಕಟ್ಟೋಣವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೀದಿಯಿಂದ ಕಟ್ಟೆ, ಕಟ್ಟೆಯಿಂದ ಎತ್ತರದ ಹೊಸ್ತಿಲು, ಒಳಗೆ ಅಂಗಳ, ಅಂಗಳದಿಂದ ಮತ್ತೊಂದು ಎತ್ತರಕ್ಕೆ ಪಡಸಾಲೆ. ಮಳೆನೀರು ಒಳಗೆ ನುಗ್ಗದಿರಲೆಂದು, ದನಕರುಗಳು ಪಡಸಾಲೆಗೆ ಹತ್ತದಿರಲೆಂದು ಹಿರಿಯರು ಮಾಡಿದ ವ್ಯವಸ್ಥೆ ಅದು. ಗಾಲಿಕುರ್ಚಿ ಕಟ್ಟೆಯ ಮುಂದೆ ನಿಂತಿತು. ಬೀದಿಯ ಎರೆಮಣ್ಣು ಅದರ ಗಾಲಿಗಳಿಗೆ ಮೆತ್ತಿಕೊಂಡಿತ್ತು. ನೆರೆಹೊರೆಯ ನಾಲ್ಕು ಮಂದಿ ಯುವಕರು, ಅವರಲ್ಲಿ ಹಿಂದೂ ಮುಸ್ಲಿಂ ಇಬ್ಬರೂ ಇದ್ದರು, ಓಡಿ ಬಂದರು. “ಚಿಂತಿ ಮಾಡಬ್ಯಾಡ್ರಿ, ನಾವು ಅದೀವಿ” ಎನ್ನುತ್ತ ಕುರ್ಚಿಯನ್ನು ನಾಲ್ಕೂ ಕಡೆಯಿಂದ ಹಿಡಿದು ಎತ್ತಿ ಒಳಗೆ ತಂದಿಟ್ಟರು. ಅವರ ಪ್ರೀತಿಯಲ್ಲಿ ಲವಲೇಶವೂ ಕೊರತೆಯಿರಲಿಲ್ಲ. ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ. ಆದರೆ ಗಾಳಿಯಲ್ಲಿ ವಾಲುತ್ತಿದ್ದ ಆ ಕುರ್ಚಿಯ ಮೇಲೆ ಅಮ್ಮೀ ಒಂದು ಕೈಯಿಂದ ಹಿಡಿಯನ್ನೂ, ಇನ್ನೊಂದು ಕೈಯಿಂದ ತಲೆಯ ಮೇಲಿನ ಸೆರಗನ್ನೂ ಬಿಗಿಯಾಗಿ ಹಿಡಿದಿದ್ದರು. ತಾನು ಹುಟ್ಟಿದ ಊರಿನಲ್ಲಿ, ಬೀದಿಯ ಜನರೆಲ್ಲ ನೋಡುತ್ತಿರುವಾಗ, ಸಾಮಾನಿನಂತೆ ಎತ್ತಲ್ಪಡುವುದನ್ನು ಒಬ್ಬ ಹಿರಿಯ ಮಹಿಳೆ ಎಷ್ಟು ಸಲ ಸಹಿಸಿಕೊಳ್ಳಬಲ್ಲಳು? ಮರಳಿ ಬರುವಾಗ ಕಾರಿನಲ್ಲಿ ಅವರು ಹೇಳಿದ್ದು ಒಂದೇ ಮಾತು: “ಇನ್ನು ಅವಳೇ ವಿಜಯಪುರಕ್ಕೆ ಬರಲಿ.”

ಸೂರಃ ಅನ್ನೂರ್‌ನ 61ನೇ ವಚನವನ್ನು ಆ ರಾತ್ರಿ ಮತ್ತೆ ಓದಿದೆ. ಅಂಧರ ಮೇಲೆ, ಕುಂಟರ ಮೇಲೆ, ರೋಗಿಗಳ ಮೇಲೆ ಯಾವ ಆಕ್ಷೇಪವೂ ಇಲ್ಲ ಎಂದು ಅದು ತೊಡಗುತ್ತದೆ. ಬಳಿಕ ನಾವು ಊಟ ಮಾಡಲು ಸಂಕೋಚಪಡಬೇಕಾಗಿಲ್ಲದ ಮನೆಗಳನ್ನು ಒಂದೊಂದಾಗಿ ಹೆಸರಿಸುತ್ತದೆ: ತಂದೆ ತಾಯಿಯರ ಮನೆ, ಸಹೋದರ ಸಹೋದರಿಯರ ಮನೆ, ತಂದೆಯ ಸಹೋದರ ಸಹೋದರಿಯರ ಮನೆ, ತಾಯಿಯ ಸಹೋದರರ ಮನೆ, ತಾಯಿಯ ಸಹೋದರಿಯರ ಮನೆ, ಕೊನೆಗೆ ಗೆಳೆಯರ ಮನೆ. ನಡೆಯಲಾಗದವರ ಮಾತೂ ಬಂಧುಗಳ ಮನೆಯ ಊಟದ ಮಾತೂ ಒಂದೇ ವಚನದಲ್ಲಿ ಬಂದಿವೆ. ಶಾರೀರಿಕ ತೊಂದರೆಯುಳ್ಳವರು ಇತರರೊಂದಿಗೆ ಕುಳಿತು ಉಣ್ಣಲು ಹಿಂಜರಿಯುತ್ತಿದ್ದರು, ಆ ಹಿಂಜರಿಕೆಯನ್ನು ಈ ವಚನ ನೀಗಿಸಿತು ಎಂದು ಕೆಲವು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಸಹೋದರಿಯ ಮನೆಯೂ ಖಾಲಾ ಅವರ ಮನೆಯೂ ಆ ಪಟ್ಟಿಯಲ್ಲಿವೆ. ಖಾಲಾ ತಾಯಿಯ ಸ್ಥಾನದಲ್ಲಿರುವವರೆಂದು ಪ್ರವಾದಿ(ಸ) ಕಲಿಸಿದ್ದಾರೆ. ಅಲ್ಲಾಹನು ತೆಗೆದುಹಾಕಿದ ಸಂಕೋಚವನ್ನು ಇಟ್ಟಿಗೆ ಸಿಮೆಂಟಿನಿಂದ ಮತ್ತೆ ಕಟ್ಟಿ ನಿಲ್ಲಿಸುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ಇತ್ಬಾನ್ ಬಿನ್ ಮಾಲಿಕ್(ರ) ಅವರ ಪ್ರಸಂಗವೂ ಇಲ್ಲಿ ನೆನಪಾಗುತ್ತದೆ. ಮದೀನಾದ ಈ ಸಹಾಬಿಯ ದೃಷ್ಟಿ ಕುಂದಿತ್ತು. ಮಳೆ ಬಂದರೆ ಅವರ ಮನೆಗೂ ಅವರು ನಮಾಝ್‌ಗೆ ನೇತೃತ್ವ ನೀಡುತ್ತಿದ್ದ ಮಸೀದಿಗೂ ನಡುವಿನ ಹಳ್ಳ ತುಂಬಿ ಹರಿಯುತ್ತಿತ್ತು. ಅವರು ಪ್ರವಾದಿ(ಸ)ರ ಬಳಿ ಹೋಗಿ, ತಮ್ಮ ಮನೆಗೆ ಬಂದು ಒಂದೆಡೆ ನಮಾಝ್ ಮಾಡಬೇಕೆಂದೂ, ಆ ಜಾಗವನ್ನೇ ತಾವು ನಮಾಝ್‌ನ ಸ್ಥಳವಾಗಿ ಮಾಡಿಕೊಳ್ಳುವುದಾಗಿಯೂ ಕೋರಿದರು. ಪ್ರವಾದಿ(ಸ) ಅಬೂಬಕರ್(ರ) ಅವರೊಂದಿಗೆ ಬಂದರು. ಬಂದವರು ತಾವಾಗಿ ಒಂದು ಮೂಲೆಯನ್ನು ಆರಿಸಲಿಲ್ಲ. ಮನೆಯಲ್ಲಿ ಎಲ್ಲಿ ನಮಾಝ್ ಮಾಡಬೇಕೆಂದು ಇತ್ಬಾನರನ್ನೇ ಕೇಳಿದರು. ಬುಖಾರಿಯಲ್ಲಿ ದಾಖಲಾಗಿರುವ ಈ ಘಟನೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಆ ಪ್ರಶ್ನೆ. ತೊಂದರೆಯಲ್ಲಿರುವವರಿಗೆ ಏನು ಬೇಕೆಂದು ಅವರಿಗೇ ಗೊತ್ತಿರುತ್ತದೆ. ಎತ್ತುವ ಮೊದಲು, ಕಟ್ಟುವ ಮೊದಲು, ಕೇಳಬೇಕು.

ಅತಿಥಿಗೆ ಏನು ಬೇಕೆಂದು ಮೊದಲೇ ಯೋಚಿಸುವ ಗುಣ ಸಾಲೋಟಗಿಗೆ ಹೊಸತಲ್ಲ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದು ಈ ಊರಿನ ಹೆಸರನ್ನು ಇತಿಹಾಸದ ಪುಸ್ತಕಗಳಿಗೆ ಸೇರಿಸಿದೆ. ದೊರೆಯ ಮಂತ್ರಿ ನಾರಾಯಣನು ಇಲ್ಲಿನ ತ್ರಯೀಪುರುಷ ದೇವಾಲಯದಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದ ಸಂಗತಿ ಅದರಲ್ಲಿದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ತಂಗಲು 27 ಮನೆಗಳು, ದೀಪಗಳ ವೆಚ್ಚಕ್ಕೆಂದೇ 12 ನಿವರ್ತನ ಭೂಮಿ ಮೀಸಲಾಗಿದ್ದವು. ಪರಊರಿನಿಂದ ಬಂದವನು ರಾತ್ರಿ ಓದುವಾಗ ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕು ಎಂಬುದನ್ನು ಸಾವಿರ ವರ್ಷಗಳ ಹಿಂದೆ ಲೆಕ್ಕ ಹಾಕಿ ಕಲ್ಲಿನಲ್ಲಿ ಕೊರೆಸಿದ ಊರಿದು. ಬಂದವರು ಇಲ್ಲದ್ದನ್ನು ಕೇಳಿ ಪಡೆಯುವ ಮುಜುಗರಕ್ಕೆ ಒಳಗಾಗಬಾರದೆಂಬ ಎಣಿಕೆ ಅದರ ಹಿಂದಿದೆ. ಆ ಎಣಿಕೆಯನ್ನು ಇಂದು ನಡೆಯಲಾಗದ ಅತಿಥಿಗೂ ವಿಸ್ತರಿಸುವುದಷ್ಟೇ ನಮ್ಮ ಪಾಲಿಗೆ ಉಳಿದಿರುವ ಕೆಲಸ.

ಆ ಕೆಲಸವನ್ನು ಖಾಲಾ ಅವರ ಮಗನೇ ಮೊದಲು ಮಾಡಿದ. ನಿಕಾಹ್ ಮುಗಿದು ಕೆಲವು ದಿನಗಳಾದ ಮೇಲೆ ಅವನು ಅಮ್ಮೀಗೆ ಫೋನ್ ಮಾಡಿ, “ಖಾಲಾ, ನೀವು ಇಲ್ಲಿ ಒಂದು ವಾರ ಇರಬೇಕಾದರೆ ಏನೇನು ಬೇಕು, ಹೇಳಿ” ಎಂದು ಕೇಳಿದ. ಅಮ್ಮೀ ಮೊದಲು ಏನೂ ಬೇಡವೆಂದರು. ಅವನು ಬಿಡಲಿಲ್ಲ. ಕೊನೆಗೆ ಅವರು ಮೂರು ಸಂಗತಿ ಹೇಳಿದರು: ಬೀದಿಯಿಂದ ಒಳಗೆ ಯಾರೂ ಎತ್ತದಂತೆ ಬರುವ ದಾರಿ, ಪಾಯಖಾನೆಯಲ್ಲಿ ಅಲುಗಾಡದ ಒಂದು ಕುರ್ಚಿ, ವುಝೂ ಮಾಡುವಲ್ಲಿ ಹಿಡಿದುಕೊಳ್ಳಲು ಒಂದು ಸರಳು.

ಇಳಿಜಾರು ಕಟ್ಟುವುದಕ್ಕೂ ಒಂದು ಲೆಕ್ಕವಿದೆ. ಎತ್ತರದ ಹನ್ನೆರಡು ಪಟ್ಟು ಉದ್ದವಿರಬೇಕು ಎಂಬುದು ಅಂಗೀಕೃತ ಮಾನದಂಡ. ಅರ್ಧ ಅಡಿ ಎತ್ತರಕ್ಕೆ ಆರು ಅಡಿ ಉದ್ದ. ಒಂದೂವರೆ ಅಡಿ ಕಟ್ಟೆಗೆ ಹದಿನೆಂಟು ಅಡಿ. ಅದಕ್ಕಿಂತ ಕಡಿದಾಗಿ ಕಟ್ಟಿದ ಇಳಿಜಾರು ನೋಡಲು ಮಾತ್ರ. ತಳ್ಳುವವರಿಗೆ ಉಸಿರು ಕಟ್ಟುತ್ತದೆ, ಇಳಿಯುವಾಗ ಕುಳಿತವರು ಮುಂದಕ್ಕೆ ಜಾರುತ್ತಾರೆ. ಖಾಲಾ ಅವರ ಮನೆಯ ಮುಂದಿನ ಬೀದಿ ಕಿರಿದು. ನೇರವಾಗಿ ಹದಿನೆಂಟು ಅಡಿ ಚಾಚಿದರೆ ಎದುರು ಮನೆಯ ಬಾಗಿಲಿಗೆ ಹೋಗಿ ಮುಟ್ಟುತ್ತದೆ. ಹಿತ್ತಲ ಬಾಗಿಲು ನೆಲಕ್ಕಿಂತ ಅರ್ಧ ಅಡಿಯಷ್ಟೇ ಎತ್ತರವಿದ್ದುದರಿಂದ, ಅಲ್ಲಿ ಕಟ್ಟಿದರೆ ಒಂದೇ ದಿನದ ಕೆಲಸವೆಂದು ಗೌಂಡಿ ಹೇಳಿದ. ಖಾಲಾ ಒಪ್ಪಲಿಲ್ಲ. “ಆಪಾ ಹುಟ್ಟಿದ ಊರಿಗೆ ಹಿತ್ತಲಿನಿಂದ ಬರಬೇಕೇ? ಮುಂಬಾಗಿಲಿನಿಂದಲೇ ಬರಲಿ” ಎಂದರು. ಕಟ್ಟೆಯ ಒಂದು ಬದಿಯನ್ನು ಒಡೆದು, ಗೋಡೆಗುಂಟ ಇಳಿಜಾರನ್ನು ಹರಿಸಿ, ಬಾಗಿಲ ಮುಂದೆ ಕುರ್ಚಿ ತಿರುಗುವಷ್ಟು ಐದು ಅಡಿ ಸಮತಟ್ಟು ಜಾಗ ಬಿಡಲಾಯಿತು. ಮೇಲೆ ನಯವಾದ ಶಹಾಬಾದ್ ಕಲ್ಲು ಹಾಸುವ ಬದಲು ಸಿಮೆಂಟನ್ನು ಒರಟಾಗಿಯೇ ಬಿಟ್ಟರು, ಮಳೆಯಲ್ಲಿ ಜಾರಬಾರದೆಂದು. ಅಂಚಿನಲ್ಲಿ ಗಾಲಿ ಕೆಳಗೆ ಹೋಗದಂತೆ ಒಂದು ಚಿಕ್ಕ ದಿಂಡು, ಪಕ್ಕದಲ್ಲಿ ಕಬ್ಬಿಣದ ಕೈಹಿಡಿ. ಪಾಯಖಾನೆಯ ಬಾಗಿಲನ್ನು ಹೊರಗೆ ತೆರೆಯುವಂತೆ ತಿರುಗಿಸಿದರು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಔಷಧಿ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುವ ಕಮೋಡ್ ಕುರ್ಚಿಯನ್ನು ಇಂಡಿಯಿಂದ ತಂದಿಟ್ಟರು.

ಇಷ್ಟಕ್ಕೆ ಅರಮನೆಯ ಖರ್ಚೇನೂ ಆಗಲಿಲ್ಲ. ಕೆಲವು ಚೀಲ ಸಿಮೆಂಟು, ಗೌಂಡಿಯ ಕೆಲವು ದಿನದ ಕೂಲಿ. ಮದುವೆಯ ಒಂದು ಹೊತ್ತಿನ ಊಟದ ವೆಚ್ಚದ ಮುಂದೆ ಅದು ಏನೂ ಅಲ್ಲ. ಕಟ್ಟಿದ ಮೇಲೆ ಅದು ಅಮ್ಮೀಗಾಗಿ ಮಾತ್ರ ಉಳಿಯಲಿಲ್ಲ. ಜೋಳದ ಚೀಲದ ಕೈಗಾಡಿ ಅದರ ಮೇಲೆಯೇ ಒಳಗೆ ಹೋಗುತ್ತದೆ. ಬಾಣಂತನಕ್ಕೆ ಬಂದ ಮಗಳು ಅದರ ಕೈಹಿಡಿಯನ್ನು ಹಿಡಿದು ಏರುತ್ತಾಳೆ. ಪಕ್ಕದ ಮನೆಯ ಅಜ್ಜ ಸಂಜೆ ಊರುಗೋಲಿನೊಂದಿಗೆ ಅದರ ಮೇಲೆ ಬಂದು, ಉಳಿದ ಅರ್ಧ ಕಟ್ಟೆಯ ಮೇಲೆ ಕೂರುತ್ತಾರೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಶಾಖೆಗಳಲ್ಲಿ ಒಂದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಮುಳ್ಳಿನ ಕೊಂಬೆಗೆ ಅನ್ವಯಿಸುವ ಆ ಮಾತು ನಾವೇ ಕಟ್ಟಿದ ಮೆಟ್ಟಿಲಿಗೆ ಅನ್ವಯಿಸದೇ?

ಮನೆ ಬದಲಾದರೂ ದಾರಿ ಬದಲಾಗಬೇಕಾದುದು ಇನ್ನೂ ಬಹಳವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ನಮ್ಮ ರಾಜ್ಯದ ಮಹಿಳೆಯರು ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದೆ ಪ್ರಯಾಣಿಸುತ್ತಿದ್ದಾರೆ. ಹಳ್ಳಿಯ ಎಷ್ಟೋ ತಾಯಂದಿರು ತವರನ್ನು, ಆಸ್ಪತ್ರೆಯನ್ನು, ಮಗಳ ಮನೆಯನ್ನು ಕಾಣುವಂತಾಗಿದೆ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಹತ್ತಲಾಗದ ಮಹಿಳೆಗೆ ಟಿಕೆಟ್ ಉಚಿತವಾದರೂ ಪ್ರಯಾಣ ದೊರೆಯುವುದಿಲ್ಲ. ಹಳ್ಳಿಗೆ ಹೋಗುವ ಕ್ರೂಸರ್ ಅದಕ್ಕಿಂತ ಎತ್ತರ. ಟಂಟಂನ ಕಿಕ್ಕಿರಿದ ಸೀಟಿನಲ್ಲಿ ಬಗ್ಗದ ಕಾಲನ್ನು ಚಾಚಲು ಜಾಗವಿರುವುದಿಲ್ಲ. ಬೆಂಗಳೂರಿನಿಂದಲೋ ಕೊಲ್ಲಿ ರಾಷ್ಟ್ರಗಳಿಂದಲೋ ಹಿರಿಯರನ್ನು ಊರಿಗೆ ಕರೆತರುವವರು ಬಾಡಿಗೆ ವಾಹನ ಹಿಡಿಯುವಾಗ ಅದರ ಸೀಟು ಹಿರಿಯರ ಸೊಂಟದ ಎತ್ತರಕ್ಕೆ ಸಮನಾಗಿದೆಯೇ ನೋಡಿ. ಬಹಳ ತಗ್ಗಾದರೆ ಏಳಲಾಗದು, ಬಹಳ ಎತ್ತರವಾದರೆ ಹತ್ತಲಾಗದು. ಗಾಲಿಕುರ್ಚಿ ಮಡಚಿ ಇಡಲು ಡಿಕ್ಕಿಯಲ್ಲಿ ಜಾಗವಿದೆಯೇ ಎಂದೂ ಮೊದಲೇ ಕೇಳಿ. ದಾರಿಯಲ್ಲಿ ಎಲ್ಲಿ ನಿಲ್ಲಬಹುದು, ಅಲ್ಲಿಯ ಶೌಚಾಲಯ ಹೇಗಿದೆ ಎಂದು ವಿಚಾರಿಸಿ. ಎರೆಭೂಮಿಯ ನಾಡಿನಲ್ಲಿ ಮಳೆ ಬಂದ ಮರುದಿನ ಕಚ್ಚಾ ರಸ್ತೆಗೆ ಗಾಲಿಕುರ್ಚಿಯನ್ನು ಇಳಿಸದಿರುವುದು ಕ್ಷೇಮ.

ಇನ್ನು ನಮ್ಮ ಸಾರ್ವಜನಿಕ ಕಟ್ಟಡಗಳ ವಿಷಯ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅವರಲ್ಲಿ ಶೇಕಡಾ 69ರಷ್ಟು ಮಂದಿ ಹಳ್ಳಿಗಳಲ್ಲಿದ್ದರು. ಮಂಡಿ ಸವೆದ ಅಜ್ಜಿಯರಲ್ಲಿ ಎಷ್ಟೋ ಮಂದಿ ತಮ್ಮನ್ನು ಆ ಪಟ್ಟಿಗೆ ಸೇರಿದವರೆಂದು ಹೇಳಿಕೊಳ್ಳುವವರೂ ಅಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರಿ ಕಚೇರಿ ಮಾತ್ರವೆಂದು ಅದು ಹೇಳುವುದಿಲ್ಲ. ಜನರು ಬಳಸುವ ಖಾಸಗಿ ಕಟ್ಟಡಗಳನ್ನೂ, ಧಾರ್ಮಿಕ ಚಟುವಟಿಕೆಯ ಕಟ್ಟಡಗಳನ್ನೂ ಅದು ಹೆಸರಿಸಿದೆ. ಅಂದರೆ ನಮ್ಮ ಮಸೀದಿ, ಮದ್ರಸ, ಶಾದಿ ಮಹಲ್‌ಗಳೂ ಅದರೊಳಗೆ ಬರುತ್ತವೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಸುಗಮ ಪ್ರವೇಶದ ಮಾನದಂಡಗಳನ್ನು ಕೇವಲ ಸಲಹೆಯ ಮಟ್ಟದಲ್ಲಿ ಬಿಟ್ಟಿದ್ದ ನಿಯಮ ಕಾಯ್ದೆಗೆ ವಿರುದ್ಧವೆಂದು ಸಾರಿತು. ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು.

ಆದರೆ ಕಾನೂನಿನ ಭಯಕ್ಕಾಗಿ ಮಾಡುವ ಕೆಲಸ ಇದಲ್ಲ. ನಿಂತು ನಮಾಝ್ ಮಾಡಲಾಗದವರು ಕುಳಿತು, ಕುಳಿತೂ ಆಗದವರು ಮಲಗಿ ಮಾಡಲಿ ಎಂದು ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಪ್ರವಾದಿ(ಸ) ದಾರಿ ತೋರಿದರು. ಅಸ್ವಸ್ಥರಾಗಿದ್ದ ಉಮ್ಮು ಸಲಮಾ(ರ) ಅವರಿಗೆ ಜನರ ಹಿಂದಿನಿಂದ ವಾಹನದ ಮೇಲೆ ಕುಳಿತೇ ತವಾಫ್ ಮಾಡಲು ಹೇಳಿದರು. ಆರಾಧನೆಯ ರೂಪವೇ ದೇಹದ ಶಕ್ತಿಗೆ ತಕ್ಕಂತೆ ಬಾಗಿರುವಾಗ, ಆರಾಧನಾಲಯದ ಮೆಟ್ಟಿಲು ಬಾಗಲೊಲ್ಲೆ ಎನ್ನುವುದು ಹೇಗೆ ಸರಿ? ಮಸೀದಿಯೊಳಗೆ ಸಾಲಿನ ಕೊನೆಗೆ ನಾಲ್ಕು ಕುರ್ಚಿ ಇಟ್ಟಿರುತ್ತೇವೆ. ಆ ಕುರ್ಚಿಯವರೆಗೆ ಬರಲು ಐದು ಮೆಟ್ಟಿಲು ಹತ್ತಬೇಕು. ಆ ಐದು ಮೆಟ್ಟಿಲು ಹತ್ತಲಾಗದ ಹಿರಿಯರು ಅಝಾನ್ ಕೇಳುತ್ತ ಮನೆಯಲ್ಲಿಯೇ ಉಳಿಯುತ್ತಾರೆ, ಕುರ್ಚಿಗಳು ಖಾಲಿ ಉಳಿಯುತ್ತವೆ.

ನಮ್ಮ ಊರುಗಳಿಗೆ ಬರುವ ನೆಂಟರು ಹೆಚ್ಚಾಗಿ ವಿಜಯಪುರದ ಗೋಲ್ ಗುಂಬಜ್ ನೋಡದೆ ಮರಳುವುದಿಲ್ಲ. 1656ರಲ್ಲಿ ನಿಧನನಾದ ಮುಹಮ್ಮದ್ ಆದಿಲ್ ಶಾಹನ ಆ ಸಮಾಧಿಯಲ್ಲಿ ಪಿಸುಮಾತಿನ ಗ್ಯಾಲರಿಗೆ ಹೋಗಬೇಕಾದರೆ ಮೂಲೆಯ ಏಳಂತಸ್ತಿನ ಗೋಪುರಗಳೊಳಗಿನ ಕಿರಿದಾದ ಮೆಟ್ಟಿಲುಗಳನ್ನು ಹತ್ತಬೇಕು. ಹದಿನೇಳನೆಯ ಶತಮಾನದ ಕಟ್ಟಡಕ್ಕೆ ಅಲ್ಲಿಯವರೆಗೂ ಇಳಿಜಾರು ಕಟ್ಟಲಾಗದೆಂಬುದನ್ನು ಯಾರಾದರೂ ಒಪ್ಪುತ್ತಾರೆ. ನಡೆಯಲಾಗದವರನ್ನು ಆ ಹೊತ್ತು ಕಾರಿನಲ್ಲಿ ಒಬ್ಬರೇ ಬಿಡದೆ, ಮನೆಯವರಲ್ಲಿ ಒಬ್ಬರು ಅವರೊಡನೆ ಕೆಳಗಿನ ಉದ್ಯಾನದಲ್ಲಿ ಕುಳಿತು ಆ ಗುಮ್ಮಟವನ್ನು ಕಣ್ತುಂಬ ನೋಡಲಿ. ಆದಿಲ್ ಶಾಹಿ ಶಿಲ್ಪಿಗಳಿಗೆ ಕಾಲದ ನೆಪವಿದೆ. ಹೋದ ವರ್ಷ ಕಟ್ಟಿದ ನಮ್ಮ ಶಾದಿ ಮಹಲ್‌ಗೆ, ಮುಂದಿನ ವರ್ಷ ಕಟ್ಟಲಿರುವ ಮಸೀದಿಯ ಹೊಸ ಅಂತಸ್ತಿಗೆ ಆ ನೆಪವಿಲ್ಲ. ನಕ್ಷೆಯ ಮೇಲೆ ಗೆರೆ ಎಳೆಯುವಾಗಲೇ ಇಳಿಜಾರನ್ನು ಸೇರಿಸಿದರೆ ಹೆಚ್ಚು ಖರ್ಚಾಗುವುದಿಲ್ಲ. ಕಟ್ಟಿ ಮುಗಿದ ಮೇಲೆ ಒಡೆದು ಸೇರಿಸುವುದೇ ದುಬಾರಿ.

ಸಹೋದರ ಸಹೋದರಿಯರೇ, ಮುಂದಿನ ಮದುವೆಯ ಕರೆಯೋಲೆ ಬರೆಯುವಾಗ ಒಂದು ಸಾಲನ್ನು ಹೆಚ್ಚು ಸೇರಿಸೋಣ: ಮೆಟ್ಟಿಲಿಲ್ಲದ ಪ್ರವೇಶ ಯಾವ ಕಡೆ ಇದೆ, ಕುರ್ಚಿಯ ಶೌಚಾಲಯ ಎಲ್ಲಿದೆ ಎಂದು ತಿಳಿಸುವ ಸಾಲು. ಅದನ್ನು ಬರೆಯಬೇಕಾದರೆ ಅದು ಇರಲೇಬೇಕಾಗುತ್ತದೆ. ಮಸೀದಿಯ ಕಮಿಟಿಯವರು ಬರುವ ಶುಕ್ರವಾರ ಹೊರಬಾಗಿಲಿನಿಂದ ಮಿಹ್ರಾಬ್‌ವರೆಗೆ ಒಮ್ಮೆ ನಡೆದು, ಗಾಲಿಕುರ್ಚಿಯೊಂದು ಎಲ್ಲೆಲ್ಲಿ ನಿಂತುಹೋಗುತ್ತದೆ ಎಂದು ಎಣಿಸಲಿ. ಮನೆಯ ಹಿರಿಯರು ಯಾರಾದರೂ ಬಂಧುಗಳ ಮನೆಗೆ ಹೋಗುವುದನ್ನು ನಿಲ್ಲಿಸಿದ್ದರೆ, ಅವರ ಮೊದಲ ಉತ್ತರಕ್ಕೆ ಸುಮ್ಮನಾಗದೆ ಇನ್ನೊಮ್ಮೆ ಕೇಳೋಣ. ಬಿಸಿಲು, ಮಳೆ, ಚಳಿ ಎಂಬ ಮಾತುಗಳ ಹಿಂದೆ ಹೇಳಿಕೊಳ್ಳಲು ನಾಚುವ ಒಂದು ಮೆಟ್ಟಿಲು ಇರಬಹುದು.

ಬಂಧುಗಳ ಬಾಗಿಲುಗಳನ್ನು ದುರ್ಬಲರಿಗೂ ತೆರೆದಿಡುವ ಬುದ್ಧಿಯನ್ನೂ ಸಾಮರ್ಥ್ಯವನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.